ಹತ್ತು ವರ್ಷದ ಮೌನ, ಆಮೇಲೆ ಒಂದು ಹಾಡು

ಇವತ್ತು ಡೇವಿಡ್ ಬೋವಿಯ ‘ದ ನೆಕ್ಸ್ಟ್ ಡೇ’ ಆಲ್ಬಮ್ ಬಗ್ಗೆ ಮಾತಾಡೋಣ. ಪುಣೆ, ಹೈದರಾಬಾದ್ ಅಂತ ಊರು ಬಿಟ್ಟು ಕೂತಿರೋ ಐಟಿ ಮಂದಿಗೆ ಇದರಲ್ಲಿ ಎರಡು ಸಂಗತಿ ತಕ್ಷಣ ಅರ್ಥ ಆಗತ್ತೆ. ಒಂದು ಎನ್‌ಡಿಎ. ಇನ್ನೊಂದು, ಬಿಟ್ಟು ಬಂದ ಊರು.

2003ರಲ್ಲಿ ‘ರಿಯಾಲಿಟಿ’ ಬಂತು, ಅದರ ಹಿಂದೆಯೇ ದೊಡ್ಡ ಟೂರ್. 2004ರ ಜೂನ್‌ನಲ್ಲಿ ಜರ್ಮನಿಯ ಒಂದು ಉತ್ಸವದಲ್ಲಿ ಹಾಡಿ ಇಳಿದವನು ನೇರ ಆಸ್ಪತ್ರೆ ಸೇರಿದ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ವಯಸ್ಸು 57. ಉಳಿದ ಷೋಗಳೆಲ್ಲ ರದ್ದು. ಆಮೇಲೆ ಅಲ್ಲೊಂದು ಇಲ್ಲೊಂದು ಸಲ ವೇದಿಕೆ ಹತ್ತಿದ್ದು ಬಿಟ್ಟರೆ ಮೌನ. ಇನ್ನು ಮುಗೀತು ಅಂತಲೇ ಜನ ಅಂದುಕೊಂಡರು.

ಆದರೆ 2011ರಿಂದ ನ್ಯೂಯಾರ್ಕ್‌ನ ಮ್ಯಾಜಿಕ್ ಷಾಪ್ ಸ್ಟುಡಿಯೊದಲ್ಲಿ ಬಿಟ್ಟು ಬಿಟ್ಟು ರೆಕಾರ್ಡಿಂಗ್ ನಡೀತಾ ಇತ್ತು. ನಿರ್ಮಾಪಕ ಟೋನಿ ವಿಸ್ಕಾಂಟಿ, ಹಳೇ ಜೊತೆಗಾರ. ವಾದಕರೆಲ್ಲ ಎನ್‌ಡಿಎಗೆ ಸಹಿ ಹಾಕಿದ್ದರು, ಹಾಕಿದ ಮೇಲೆ ಬಾಯಿ ಮುಚ್ಚಿಕೊಂಡೇ ಇದ್ದರು. (ನಮ್ಮಲ್ಲಿ ಎನ್‌ಡಿಎ ಪ್ರಾಜೆಕ್ಟಿನ ಸುದ್ದಿ ಸಂಜೆ ಟೀ ಅಂಗಡಿಯಲ್ಲೇ ಸಿಗತ್ತೆ, ಬಿಡಿ.)

2013 ಜನವರಿ 8, ಆತನ 66ನೇ ಹುಟ್ಟುಹಬ್ಬ. ಟೀಸರ್ ಇಲ್ಲ, ಸಂದರ್ಶನ ಇಲ್ಲ. ಐಟ್ಯೂನ್ಸ್‌ನಲ್ಲಿ ಸುಮ್ಮನೆ ಒಂದು ಹಾಡು ಬಂದು ಕೂತಿತ್ತು: ‘ವೇರ್ ಆರ್ ವಿ ನೌ?’

ಹಾಡು ಬರ್ಲಿನ್ ಬಗ್ಗೆ. 1976ರಿಂದ 78ರವರೆಗೆ ಆತ ಇದ್ದ ಊರು. ಕೊಕೇನ್ ಚಟದಿಂದ ಅರ್ಧ ಸತ್ತಂತಾಗಿ ಲಾಸ್ ಏಂಜಲೀಸ್ ಬಿಟ್ಟು ಬಂದವನಿಗೆ ಉಸಿರು ಕೊಟ್ಟ ಊರು ಅದು. ಆಗ ಪಾಟ್ಸ್‌ಡಾಮರ್ ಪ್ಲಾಟ್ಸ್ ಅಂದರೆ ಗೋಡೆಗೆ ಅಂಟಿದ ಖಾಲಿ ಬಯಲು. ಈಗ ಅಲ್ಲಿ ಎತ್ತರದ ಕಟ್ಟಡಗಳ ಸಾಲು. ನಾವು ರಜೆಗೆ ಬೆಂಗಳೂರಿಗೆ ಹೋದಾಗ, ಎಂ.ಜಿ. ರಸ್ತೆಯಲ್ಲಿ ಪ್ಲಾಜಾ ಟಾಕೀಸ್ ಇದ್ದ ಕಡೆ ಮೆಟ್ರೋ ಇಳೀತೀವಲ್ಲ, ಹಂಗೆ. ಬೋವಿ ಗೋಳಾಡಲ್ಲ. ಜಾಗಗಳ ಹೆಸರು ಒಂದೊಂದೇ ಹೇಳ್ತಾ ಹೋಗ್ತಾನೆ, ಅಷ್ಟೆ. ದನಿ ಸಣ್ಣಗಾಗಿದೆ, ಅಲ್ಲಲ್ಲಿ ನಡುಗತ್ತೆ. ಅದನ್ನು ತಿದ್ದಿ ಮರೆಮಾಡೋ ಗೋಜಿಗೇ ಹೋಗಿಲ್ಲ. ನನ್ನ ಮಟ್ಟಿಗೆ ಇಡೀ ಆಲ್ಬಮ್ಮಿನ ಧೈರ್ಯ ಇರೋದು ಈ ದನಿಯಲ್ಲಿ.

ಇದನ್ನು ಕೇಳಿ, ಮುದುಕನ ನೆನಪಿನ ಆಲ್ಬಮ್ ಅಂದುಕೊಂಡವರಿಗೆ ಮಾರ್ಚ್‌ನಲ್ಲಿ ಪೂರ್ತಿ ಕೈಗೆ ಸಿಕ್ಕಾಗ ಬೇರೆಯದೇ ಕಾದಿತ್ತು. ಉಳಿದ ಬಹುಪಾಲು ಗಿಟಾರಿನ ಗದ್ದಲ. ‘ವ್ಯಾಲೆಂಟೈನ್ಸ್ ಡೇ’ ಅಂತ ಸಿಹಿಯಾದ ಹೆಸರು, ಒಳಗೆ ನೋಡಿದರೆ ಬಂದೂಕು ಹಿಡಿದ ಶಾಲಾ ಹುಡುಗ. ಮುಖಪುಟವಂತೂ ತಂಟೆ: 1977ರ ‘ಹೀರೋಸ್’ ಆಲ್ಬಮ್ಮಿನ ಅದೇ ಚಿತ್ರ, ಮುಖದ ಮೇಲೆ ಬಿಳಿ ಚೌಕ ಮೆತ್ತಿದ್ದಾರೆ. ಡಿಸೈನರ್ ಜೊನಾಥನ್ ಬಾರ್ನ್‌ಬ್ರೂಕ್. ನಮ್ಮ ಕ್ಲೈಂಟ್ ಆಗಿದ್ದರೆ ಫೈಲ್ ಕರಪ್ಟ್ ಆಗಿದೆ ಅಂತ ವಾಪಸ್ ಕಳಿಸ್ತಿದ್ದ!

14 ಹಾಡು ಜಾಸ್ತಿ ಆಯ್ತು ಅನ್ನೋದು ನನ್ನ ತಕರಾರು. ಮೂರ್ನಾಲ್ಕು ತೆಗೆದಿದ್ದರೆ ಇನ್ನೂ ಬಿಗಿಯಾಗಿರ್ತಿತ್ತು. ಆದರೂ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯ್ತು. 1993ರ ನಂತರ ಬೋವಿಗೆ ಅದೇ ಮೊದಲು. ಆಗಲೂ ಟೂರ್ ಮಾಡಲಿಲ್ಲ.

ಕೇಳೋದಾದರೆ ಐದನೇ ಹಾಡು, ಆ ಬರ್ಲಿನ್ ಹಾಡಿನಿಂದ ಶುರು ಮಾಡಿ. ಆಮೇಲೆ ಹದಿಮೂರನೆಯದಕ್ಕೆ ಹೋಗಿ, ಕೊನೇತನಕ ಕಾಯಿರಿ. ಎಲ್ಲ ನಿಂತ ಮೇಲೆ ಡ್ರಮ್ ಒಂದೇ ಉಳಿಯತ್ತೆ. 1972ರ ‘ಫೈವ್ ಇಯರ್ಸ್’ ಹಾಡು ಶುರುವಾಗೋದು ಅದೇ ತಾಳದಲ್ಲಿ.