ಮಗುವಿಗೆ ಐದು ಅಕ್ಷರ, ಮನೆಯವರಿಗೆ ಹತ್ತು ನಿಮಿಷ

(ಊರಿನ ಸಮುದಾಯ ಭವನದಲ್ಲಿ ಸಂಜೆ ಸೇರಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ತಮ್ಮ ಊರಿಗೆ ಬಂದಾಗಲೆಲ್ಲ ಬೀಜ, ಗೊಬ್ಬರ, ಕೀಟಬಾಧೆ ಇವುಗಳ ಮಾತನ್ನೇ ಆಡುವವನು. ಕಲಿತದ್ದೂ ಕೃಷಿ ಡಿಪ್ಲೊಮಾ. ಇಂದು ಮಾತ್ರ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ವಿಷಯವನ್ನು ಎತ್ತಿಕೊಂಡಿದ್ದೇನೆ. ಇದು ಮೇಷ್ಟರ ಕೆಲಸ, ಇವನಿಗೇಕೆ ಈ ಉಸಾಬರಿ ಎಂದು ತಾವು ಕೇಳಬಹುದು. ಇದಕ್ಕೆ ಕಾರಣ ನನಗೆ ಹೊಲದಲ್ಲಿಯೇ ಸಿಕ್ಕಿತು. ಅದನ್ನೇ ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ಕಳೆದ ಮುಂಗಾರಿನಲ್ಲಿ ಹಿರಿಯ ರೈತರೊಬ್ಬರು ತೊಗರಿ ಬೀಜಕ್ಕೆ ಔಷಧಿ ಲೇಪಿಸಲು ಅಣಿಯಾಗಿದ್ದರು. ಪೊಟ್ಟಣದ ಜೊತೆಗೆ ಕನ್ನಡದಲ್ಲಿ ಅಚ್ಚಾದ ಚೀಟಿಯಿತ್ತು. ತಮಗೆ ಓದು ಬಾರದ ಕಾರಣ ಮೂರನೆಯ ತರಗತಿಯ ಮೊಮ್ಮಗನನ್ನು ಕರೆದು, "ಒಂದು ಕಿಲೋ ಬೀಜಕ್ಕೆ ಎಷ್ಟು ಹಾಕಬೇಕು ಅಂತ ಬರೆದವ್ರೆ, ಓದಪ್ಪ" ಎಂದರು. ಹುಡುಗ ಚೀಟಿಯನ್ನು ಬಹಳ ಹೊತ್ತು ನೋಡಿದ. "ನಿನಗೆ ಅ ಆ ಇ ಈ ಬರುತ್ತದಲ್ಲವೇ?" ಎಂದು ನಾನು ಕೇಳಿದೆ. ಒಂದೇ ಉಸಿರಿಗೆ ಅಕಾರದಿಂದ ಳಕಾರದವರೆಗೆ ಹೇಳಿ ಮುಗಿಸಿದ. ಒಂದಕ್ಷರವೂ ತಪ್ಪಲಿಲ್ಲ. ಚೀಟಿಯಲ್ಲಿದ್ದ 'ಬ' ಅಕ್ಷರವನ್ನು ತೋರಿಸಿ ಇದೇನೆಂದು ಕೇಳಿದೆ. ಮತ್ತೆ ಮೊದಲಿನಿಂದ ಹೊರಟು, ಬೆರಳು ಮಡಿಸುತ್ತಾ ಬಂದವನು ನಡುದಾರಿಯಲ್ಲಿ ನಿಂತುಬಿಟ್ಟ. ಅಜ್ಜ ತಲೆ ತಗ್ಗಿಸಿ, "ಇವನೂ ನನ್ನ ಹಾಗೇ ಆದನಲ್ಲ" ಎಂದರು.

ಅಂದು ನಾನಿದ್ದೆ, ಚೀಟಿ ಓದಿದೆ, ಕೆಲಸ ಆಯಿತು. ಆದರೆ ಪ್ರತಿದಿನವೂ ಪ್ರತಿ ಹೊಲದಲ್ಲೂ ನಾನಿರಲಾರೆ. ಕೀಟನಾಶಕದ ಡಬ್ಬಿಯ ಮೇಲಿನ ತ್ರಿಕೋನವನ್ನು ತಾವೆಲ್ಲ ಬಲ್ಲಿರಿ. ಕೆಂಪೆಂದರೆ ಅತಿ ಘೋರ ವಿಷ, ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಿಮೆ, ಹಸಿರಾದರೂ ವಿಷವೇ. ಬಣ್ಣ ತಿಳಿಯಲು ಓದು ಬೇಡ. ಆದರೆ ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಸಿಂಪಡಿಸಿದ ಮೇಲೆ ಎಷ್ಟು ದಿನ ಕೊಯ್ಯಬಾರದು ಎಂಬುದನ್ನು ಬಣ್ಣ ಹೇಳುವುದಿಲ್ಲ. ಅದನ್ನು ಅಕ್ಷರವೇ ಹೇಳಬೇಕು. ಆದ್ದರಿಂದ ಅಕ್ಷರದ ಮಾತು ಬೇಸಾಯದ ಮಾತೂ ಹೌದು.

ಬಾಯಿಪಾಠ ಬೇರೆ, ಗುರುತು ಬೇರೆ. ಹಾಡು ಹೇಳಿದಂತೆ ವರ್ಣಮಾಲೆ ಹೇಳುವ ಮಗುವಿಗೆ ಅಕ್ಷರದ ಗುರುತು ಸಿಕ್ಕಿದೆಯೆಂದು ನಾವು ನಂಬಿ ಮೋಸಹೋಗುತ್ತೇವೆ. ಹೀಗೆ ಮೋಸಹೋದವರಲ್ಲಿ ನಾನೂ ಒಬ್ಬ.

ನಮ್ಮ ಅಣ್ಣನ ಮಗಳಿಗೆ ಆಗ ನಾಲ್ಕು ವರ್ಷ. ಅಕ್ಷರ ಕಲಿಸುವ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿ ಅವಳ ಕೈಗೆ ಕೊಟ್ಟೆ. ಪರದೆಯ ಮೇಲೆ ಚಿತ್ರ ಬರುವುದು, ಪಕ್ಕದಲ್ಲಿ ಅಕ್ಷರ ಬರುವುದು, ಒಳಗಿನಿಂದ ದನಿ ಬರುವುದು. ಹದಿನೈದು ದಿನದಲ್ಲಿ ಮಗು "ಅ ಅರಸ, ಆ ಆನೆ" ಎಂದು ಪಟಪಟನೆ ಹೇಳತೊಡಗಿತು. ಮನೆಗೆ ಬಂದ ನೆಂಟರ ಮುಂದೆಲ್ಲ ನಾನು ಹೇಳಿಸಿ ಹೆಮ್ಮೆಪಟ್ಟೆ. ಒಂದು ಸಂಜೆ ನಮ್ಮ ಅಜ್ಜಿ ಸುಮ್ಮನೆ ನೋಡುತ್ತಿದ್ದವರು, ಆನೆಯ ಚಿತ್ರದ ಮೇಲೆ ತಮ್ಮ ಅಂಗೈ ಇಟ್ಟರು. ಅಕ್ಷರ ಮಾತ್ರ ಕಾಣುತ್ತಿತ್ತು. "ಈಗ ಹೇಳು ಕಂದ" ಎಂದರು. ಮಗು ಅಜ್ಜಿಯ ಮುಖ ನೋಡಿತು, ನನ್ನ ಮುಖ ನೋಡಿತು, ಏನೂ ಹೇಳಲಿಲ್ಲ. ಅಜ್ಜಿ ನಕ್ಕು, "ಅಲ್ಲ ಕಣಪ್ಪ, ಆನೆ ನೋಡಿ ಆನೆ ಅನ್ನಕ್ಕೆ ನನಗೂ ಬರ್ತದೆ. ಅದಕ್ಕೆ ಇಷ್ಟು ದುಡ್ಡಿನ ಮೊಬೈಲು ಯಾಕೆ?" ಎಂದು ಕೇಳಿದರು.

ಅಜ್ಜಿಗೆ ಒಂದಕ್ಷರವೂ ಬಾರದು. ಆದರೆ ತಪ್ಪನ್ನು ಹಿಡಿದವರು ಅವರೇ. ಮಗು ಓದುತ್ತಿದ್ದುದು ಚಿತ್ರವನ್ನು, ಅಕ್ಷರವನ್ನಲ್ಲ. ಅಂದೇ ನಾವು ಕಾಗದದ ಮಿಂಚುಪಟ್ಟಿ ಮಾಡಲು ಕುಳಿತೆವು. ಮಿಂಚುಪಟ್ಟಿ ಎಂದರೆ ಬೇರೇನಲ್ಲ, ಕ್ಷಣಕಾಲ ತೋರಿಸಿ ಗುರುತು ಹೇಳಿಸುವ ರಟ್ಟಿನ ತುಂಡು. ಶಾಲೆಗಳಲ್ಲಿ ಇದರ ಬಳಕೆ ಹಳೆಯದು. ಮನೆಯಲ್ಲಿ ಮಾಡುವ ಕ್ರಮವನ್ನು ಹೇಳುತ್ತೇನೆ.

ಹಳೆಯ ಲಗ್ನಪತ್ರಿಕೆಗಳು ಪ್ರತಿ ಮನೆಯಲ್ಲೂ ಇರುತ್ತವೆ. ಅವನ್ನು ಅಂಗೈಯಗಲಕ್ಕೆ ಕತ್ತರಿಸಿ, ಅಚ್ಚಿರುವ ಕಡೆ ಬಿಳಿ ಕಾಗದ ಅಂಟಿಸಿರಿ. ಒಂದು ಮುಖದಲ್ಲಿ ಅಕ್ಷರ ಮಾತ್ರ, ದಪ್ಪವಾಗಿ, ಪಟ್ಟಿ ತುಂಬುವಂತೆ. ಅಕ್ಷರ ಬಾರದವರು ಶಾಲೆಗೆ ಹೋಗುವ ಹಿರಿಯ ಮಕ್ಕಳಿಂದ ಬರೆಯಿಸಿ, ಮೇಷ್ಟರಿಗೋ ಅಂಗನವಾಡಿ ಕಾರ್ಯಕರ್ತೆಗೋ ಒಮ್ಮೆ ತೋರಿಸಿದರೆ ಸಾಕು. ಹಿಂದಿನ ಮುಖದಲ್ಲಿ ಆ ಅಕ್ಷರದಿಂದ ಮೊದಲಾಗುವ ವಸ್ತುವಿನ ಚಿತ್ರ. ಚಿತ್ರವೂ ಅಕ್ಷರವೂ ಒಂದೇ ಮುಖದಲ್ಲಿ ಇರಲೇಬಾರದು. ಮಗು ಅಕ್ಷರ ನೋಡಿ ಹೇಳಬೇಕು. ಅನಂತರ ಪಟ್ಟಿ ತಿರುಗಿಸಿ, ಹೇಳಿದ್ದು ಸರಿಯೇ ಎಂದು ಚಿತ್ರ ನೋಡಿ ತಿಳಿಯಬೇಕು.

ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಓದು ಬಾರದ ತಾಯಿಯೂ ಅಜ್ಜಿಯೂ ಪಟ್ಟಿ ಹಿಡಿದು ಕೂರಬಹುದು. ಹಿಂದೆ ಸರದ ಚಿತ್ರವಿದ್ದರೆ ಮುಂದಿರುವುದು 'ಸ' ಎಂದು ಅವರಿಗೆ ತಾನಾಗಿಯೇ ತಿಳಿಯುತ್ತದೆ. "ನಮಗೇ ಬಾರದು, ಮಗುವಿಗೆ ಏನು ಹೇಳಿಕೊಡೋಣ" ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

ಚಿತ್ರವನ್ನು ಮಾತ್ರ ಎಚ್ಚರದಿಂದ ಆರಿಸಬೇಕು. ನಾವು 'ದ' ಅಕ್ಷರದ ಹಿಂದೆ ದನವೆಂದು ಒಂದು ಹಸುವನ್ನು ಬರೆದೆವು. ಅಜ್ಜಿ ಅದನ್ನು ನೋಡಿ "ಹಸು" ಎಂದರು. ಎರಡು ದಿನ ನಮ್ಮ ಮಗುವಿನ ಬಾಯಲ್ಲಿ 'ದ' ಎಂಬುದು 'ಹ' ಆಗಿತ್ತು! ಮನೆಯವರೆಲ್ಲರೂ ಒಂದೇ ಹೆಸರಿನಿಂದ ಕರೆಯುವ ವಸ್ತುವನ್ನೇ ಬರೆಯಿರಿ. ಇಲ್ಲವೇ ಹೆಸರನ್ನು ಮೊದಲೇ ಎಲ್ಲರಿಗೂ ಹೇಳಿಡಿ.

ಇನ್ನು ಯಾವ ಅಕ್ಷರದಿಂದ ಆರಂಭಿಸಬೇಕು? ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು: 13 ಸ್ವರ, 2 ಯೋಗವಾಹ, 34 ವ್ಯಂಜನ. ಇವೆಲ್ಲವನ್ನೂ ಒಟ್ಟಿಗೆ ಮಗುವಿನ ಮುಂದೆ ಸುರಿಯಬಾರದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ ಪದ್ಧತಿಯಲ್ಲಿ ಒಂದು ಜಾಣತನದ ಕ್ರಮವಿದೆ. ಅದರಲ್ಲಿ ಮೊದಲು ಬರುವುವು ರ, ಗ, ಸ, ದ, ಅ. ಬರೆಯಲು ಸುಲಭವಾದ, ಪದ ಕಟ್ಟಲು ಒದಗುವ ಅಕ್ಷರಗಳಿವು. ಐದೇ ಅಕ್ಷರ ಕಲಿತ ಮಗು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಸರ, ರಸ, ದರ, ಅರಸ, ಗರಗಸ ಎಂದು ಓದಬಲ್ಲದು. ಅನಂತರ ಜ, ವ, ಮ, ಬ, ನ ಸೇರಿದರೆ ಮರ, ದನ, ಜನ, ಮಗ, ಬಸವ, ದವಸ ಎಲ್ಲವೂ ಅದರ ಕೈಗೆ ಬರುತ್ತವೆ. ಹತ್ತು ಅಕ್ಷರದಲ್ಲಿ ಮಗು ಮನೆಯ ದನವನ್ನೂ ಹೊಲದ ದವಸವನ್ನೂ ಓದಿತೆಂದರೆ, ಓದುವುದರಿಂದ ಏನೋ ಸಿಗುತ್ತದೆಂದು ಅದಕ್ಕೆ ತಿಳಿಯುತ್ತದೆ. ಕಾಗುಣಿತ, ಒತ್ತಕ್ಷರಗಳು ಆಮೇಲೆ ಬರಲಿ. ತಳಪಾಯವಿಲ್ಲದೆ ಗೋಡೆ ಏಳದು.

ರೂಪದಲ್ಲಿ ಹತ್ತಿರದ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿ. ದ ಮತ್ತು ಧ, ಪ ಮತ್ತು ಷ, ವ ಮತ್ತು ಮ, ರ ಮತ್ತು ಠ ಇವು ಮಕ್ಕಳ ಕಣ್ಣಿಗೆ ಒಂದೇ ಆಗಿ ಕಾಣುತ್ತವೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತಂದು, ಎರಡನ್ನೂ ಪಕ್ಕದಲ್ಲಿಟ್ಟು, ಎಲ್ಲಿ ಗೆರೆ ಹೆಚ್ಚಿದೆಯೆಂದು ಮಗುವಿನಿಂದಲೇ ಹುಡುಕಿಸಿರಿ.

ಪಾಠ ಮೂರು ಹೆಜ್ಜೆಯದು. ಮೊದಲು ನಾವೇ ತೋರಿಸಿ "ಇದು ಸ" ಎನ್ನುವುದು. ಎರಡನೆಯದಾಗಿ ಮೂರು ಪಟ್ಟಿ ಹರಡಿ "ಸ ಎಲ್ಲಿದೆ, ಕೊಡು" ಎನ್ನುವುದು. ಅದು ಸರಿಹೋದ ಮೇಲೆಯೇ "ಇದೇನು?" ಎಂದು ಕೇಳುವುದು. ನಾವು ಸಾಮಾನ್ಯವಾಗಿ ಮೂರನೆಯ ಹೆಜ್ಜೆಯನ್ನೇ ಮೊದಲು ಇಟ್ಟು, ಮಗು ಹೇಳದಿದ್ದರೆ ಗದರಿಸುತ್ತೇವೆ. ಬಿತ್ತಿದ ದಿನವೇ ತೆನೆ ಕೇಳುವ ರೈತನುಂಟೇ? ಕಣ್ಣಿನ ಜೊತೆಗೆ ಕೈಯೂ ಕಲಿಯಲಿ. ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುತ್ತೇವಲ್ಲ, ಅದನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಮೊರದಲ್ಲಿ ರಾಗಿ ಹರಡಿದರೆ ದಿನವೂ ಬರೆಯಬಹುದು.

ಕಲಿತದ್ದು ಮರೆಯದಂತೆ ಮಾಡಲು ಮೂರು ಡಬ್ಬಿ ಇಟ್ಟುಕೊಳ್ಳಿ. ಹೊಸ ಪಟ್ಟಿಗಳು ಮೊದಲ ಡಬ್ಬಿಯಲ್ಲಿ. ಅವನ್ನು ದಿನವೂ ತೋರಿಸಬೇಕು. ಸರಿಯಾಗಿ ಹೇಳಿದ ಪಟ್ಟಿ ಎರಡನೆಯ ಡಬ್ಬಿಗೆ ಹೋಗಲಿ. ಅದಕ್ಕೆ ಮೂರು ದಿನಕ್ಕೊಮ್ಮೆ ಸರದಿ. ಅಲ್ಲಿಯೂ ಸರಿಯಾಗಿ ಹೇಳಿದರೆ ಮೂರನೆಯ ಡಬ್ಬಿ, ಅದಕ್ಕೆ ವಾರಕ್ಕೊಮ್ಮೆ. ಯಾವ ಡಬ್ಬಿಯಲ್ಲಿ ತಪ್ಪಿದರೂ ಪಟ್ಟಿ ಮತ್ತೆ ಮೊದಲ ಡಬ್ಬಿಗೆ. ಪೆಟ್ಟಿಗೆಯ ಖಾನೆಗಳಲ್ಲಿ ಚೀಟಿ ಇಟ್ಟು ಹೀಗೆ ಕಲಿಯುವ ಕ್ರಮವನ್ನು ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಬರಹಗಾರರು 1972ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಇಂದಿನ ಎಷ್ಟೋ ಆ್ಯಪ್‌ಗಳ ಒಳಗೆ ನಡೆಯುವುದೂ ಇದೇ ಲೆಕ್ಕ. ರೈತರಿಗೆ ಇದು ಹೊಸದಲ್ಲ. ಒಂದೇ ದಿನ ಕೆರೆಯ ನೀರನ್ನೆಲ್ಲ ಹಾಯಿಸಿದರೆ ಪೈರು ಕೊಳೆಯುತ್ತದೆ. ಹದ ನೋಡಿ, ದಿನ ಬಿಟ್ಟು ಕೊಟ್ಟರೆ ಬೇರು ಇಳಿಯುತ್ತದೆ.

ಹಾಗಾದರೆ ಮೊಬೈಲ್ ಬೇಡವೇ? ಬೇಡವೆಂದು ನಾನು ಹೇಳುವುದಿಲ್ಲ. ಅದೂ ಒಂದು ಸಲಕರಣೆ. ನೇಗಿಲಾಗಲಿ ಟ್ರ್ಯಾಕ್ಟರಾಗಲಿ, ತಾನಾಗಿ ಉಳುವುದಿಲ್ಲ. ಹಿಡಿದು ನಡೆಸುವವರು ಬೇಕು. ಮೊಬೈಲಿನ ಗುಣವೆಂದರೆ ಅದಕ್ಕೆ ದನಿಯಿದೆ. ತಾವು ಬರೆದ ಪಟ್ಟಿಯ ಎರಡು ಮುಖಗಳನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು, ಮೊದಲು ಅಕ್ಷರ, ಅನಂತರ ಚಿತ್ರ ಬರುವಂತೆ ಜೋಡಿಸಿಟ್ಟರೆ ಅದೇ ಡಿಜಿಟಲ್ ಮಿಂಚುಪಟ್ಟಿ. ಚಿತ್ರಕ್ಕೆ ನಿಮ್ಮ ಮನೆಯ ದನ, ನಿಮ್ಮ ಹೊಲದ ಮರ ಇವುಗಳ ಫೋಟೋವನ್ನೇ ಹಾಕಬಹುದು. ಕೂಲಿಗೆಂದು ದೂರದ ಪೇಟೆಗೆ ಹೋದ ತಂದೆ ತನ್ನ ದನಿಯಲ್ಲಿ ಐದು ಅಕ್ಷರ ಹೇಳಿ ಕಳುಹಿಸಿದರೆ, ಮಗು ಅದನ್ನು ಎಷ್ಟು ಸಲವಾದರೂ ಕೇಳುತ್ತದೆ.

ದೋಷವೂ ಇದೆ. ಪರದೆಯನ್ನು ಬೆರಳಿನಿಂದ ಸರಿಸುವುದು ಬಹಳ ಸುಲಭ. ಯೋಚಿಸುವ ಮೊದಲೇ ಉತ್ತರ ಬಂದುಬಿಡುತ್ತದೆ. ಅಕ್ಷರದ ಹಿಂದೆಯೇ ಜಾಹೀರಾತು, ಅದರ ಹಿಂದೆ ಕುಣಿತದ ವಿಡಿಯೋ. ಆದ್ದರಿಂದ ಮೊಬೈಲ್ ದೊಡ್ಡವರ ಕೈಯಲ್ಲೇ ಇರಲಿ. ಇಂಟರ್‌ನೆಟ್ ಆರಿಸಿಡಿ. ಮಗು ಹೇಳಿದ ಮೇಲೆಯೇ ಪರದೆಯನ್ನು ಸರಿಸಿ, ದನಿಯನ್ನು ಕೇಳಿಸಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯಂತೆ ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ. ಅಕ್ಷರಕ್ಕೆ ಹತ್ತು ನಿಮಿಷ ಸಾಕು. ಮಗು "ಇನ್ನೊಂದು" ಎನ್ನುತ್ತಿರುವಾಗಲೇ ಪಟ್ಟಿ ಎತ್ತಿಡಿ; ನಾಳೆ ತಾನಾಗಿ ಕೇಳಿಕೊಂಡು ಬರುತ್ತದೆ.

ಕೊನೆಗೆ ಎರಡು ಮಾತು. ಮೂರು ವರ್ಷದ ಮಗುವನ್ನು ಅಕ್ಷರಕ್ಕಾಗಿ ಪೀಡಿಸಬೇಡಿ. ಅದಕ್ಕೆ ಕಥೆ, ಹಾಡು, ಆಟ ಬೇಕು. ಎಷ್ಟು ತೋರಿಸಿದರೂ ಗುರುತು ಹಿಡಿಯದ ದೊಡ್ಡ ಮಗುವನ್ನು ದಡ್ಡನೆಂದು ಹೊಡೆಯಬೇಡಿ. ಮೊದಲು ಕಣ್ಣು, ಕಿವಿಗಳನ್ನು ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ.

ನಮ್ಮ ಮನೆಯ ಮಗು ಈಗ ಪಟ್ಟಿಗಳನ್ನು ಬಿಟ್ಟು ಪುಸ್ತಕ ಹಿಡಿದಿದೆ. ಆದರೆ ಡಬ್ಬಿಗಳು ಮೂಲೆ ಸೇರಲಿಲ್ಲ. ದಿನವೂ ಪಟ್ಟಿ ತಿರುಗಿಸಿ ತಿರುಗಿಸಿ, ಮೊಮ್ಮಗಳಿಗೆ ಕಲಿಸಲು ಕೂತ ಅಜ್ಜಿಗೂ ಹದಿನಾಲ್ಕು ಅಕ್ಷರ ಬಂದಿದೆ. ಮೊನ್ನೆ ಪಡಿತರ ಚೀಟಿಯನ್ನು ಕೈಗೆತ್ತಿಕೊಂಡು, ತಮ್ಮ ಹೆಸರಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟು, "ಇದು ನಾನೇ ಅಲ್ವೇನಪ್ಪ?" ಎಂದು ಕೇಳಿದರು.

ಆ ತೊಗರಿ ಹೊಲದ ಅಜ್ಜ ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅವರ ಮೊಮ್ಮಗನಿಗೆ ವಯಸ್ಸು ಮೀರಿಲ್ಲ, ಅವರಿಗೂ ಮೀರಿಲ್ಲ. ನಾಳಿನ ಭಾನುವಾರ ಸಂಜೆ ಇದೇ ಭವನಕ್ಕೆ ತಮ್ಮ ಮನೆಯ ಹಳೆಯ ಲಗ್ನಪತ್ರಿಕೆಗಳನ್ನೂ ಒಂದು ಕತ್ತರಿಯನ್ನೂ ತನ್ನಿರಿ. ಬಿಳಿ ಕಾಗದ, ಅಂಟು, ದಪ್ಪ ಪೆನ್ನುಗಳನ್ನು ನಾನು ತರುತ್ತೇನೆ. ಮೊದಲ ಐದು ಪಟ್ಟಿಗಳನ್ನು ಎಲ್ಲರೂ ಕೂಡಿ ಮಾಡೋಣ. ಇನ್ನು ಮುಂದೆ ತಮ್ಮ ಹೊಲಕ್ಕೆ ಬಂದಾಗ ಪೈರನ್ನು ನೋಡಿದ ಹಾಗೆಯೇ ಮನೆಯ ಮೂರು ಡಬ್ಬಿಗಳನ್ನೂ ನೋಡಿ ಹೋಗುತ್ತೇನೆ.