ಅಜ್ಜಿಯ ಕೌದಿ



ನಿಮ್ಮ ಮನೆಯಲ್ಲಿ ಕೌದಿ ಹೊಲಿಯಬಲ್ಲ ಅಜ್ಜಿ ಇದ್ದಾರೆಯೆ? ಇದ್ದರೆ ಈ ಬೇಸಿಗೆಯಲ್ಲಿಯೇ ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ನಾನು ಕುಳಿತುಕೊಳ್ಳಲಿಲ್ಲ, ಹೆಂಗಸರ ಕೆಲಸವೆಂದು ಬಿಟ್ಟೆ. ನಮ್ಮಜ್ಜಿ ತೀರಿಕೊಂಡ ಮೇಲೆ ಅವರ ಕೌದಿಯ ಮೂಲೆ ಹರಿಯಿತು. ಸರಿಪಡಿಸಲು ಮನೆಯಲ್ಲಿ ಒಬ್ಬರಿಗೂ ಬರಲಿಲ್ಲ.

ಕೌದಿಗೆ ಖರ್ಚು ಸೂಜಿ ದಾರದ್ದಷ್ಟೆ. ಸವೆದ ಹತ್ತಿ ಸೀರೆ, ಧೋತರಗಳನ್ನು ಒಗೆದು ಒಣಗಿಸಿ, ಪದರ ಪದರವಾಗಿ ಹಾಸಿ, ಸಾಲು ಹೊಲಿಗೆ ಹಾಕಬೇಕು. ಹತ್ತಿಯೇ ಆಗಬೇಕು, ಪಾಲಿಯೆಸ್ಟರ್ ಬೆವರು ಹೀರದು, ಪದರಗಳೂ ಜಾರುತ್ತವೆ. ಉತ್ತರ ಕನ್ನಡದ ಸಿದ್ದಿ ತಾಯಂದಿರು ಅಂಚಿನಿಂದ ತೊಡಗಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಫೂಲವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ ಕೌದಿ! ನಿಮ್ಮ ಅಜ್ಜಿಯ ಕ್ರಮ ಬೇರೆ ಇರಬಹುದು. ಅದನ್ನೇ ಕೇಳಿರಿ: ಎಲ್ಲಿಂದ ಹಿಡಿಯಬೇಕು, ಎಷ್ಟು ಪದರ, ಮೂಲೆಯನ್ನು ಹೇಗೆ ತಿರುಗಿಸಬೇಕು. ಯಾವ ತುಂಡು ಯಾರ ಸೀರೆಯದೆಂದೂ ಕೇಳಿ ಬರೆದಿಡಿರಿ.

ಬರೇ ನೋಡಿದರೆ ಸಾಲದು. ಮಗಳಿಗೂ ಮಗನಿಗೂ ಒಂದೊಂದು ಸೂಜಿ ಕೊಡಿರಿ. ಮೊದಲಿಗೆ ತೊಟ್ಟಿಲಿಗೆ ಹಾಸುವಷ್ಟು ಚಿಕ್ಕ ಕೌದಿ ಸಾಕು. ಅಜ್ಜಿಯ ಕಣ್ಣು ಮಂಜಾಗಿದ್ದರೆ ನೀವೇ ದಾರ ಪೋಣಿಸಿ ಕೊಡಿರಿ; ತಪ್ಪಿದ ಹೊಲಿಗೆಯನ್ನು ಅವರು ಬೆರಳಾಡಿಸಿಯೇ ಹೇಳುತ್ತಾರೆ.