ಬೇಸಿಗೆಯನ್ನು ಗೆಲ್ಲುವ ಜೀವಿಗಳು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಏಪ್ರಿಲ್ ಬಂತೆಂದರೆ ನಮ್ಮ ಬಯಲುಸೀಮೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ನಮಗೆ ಫ್ಯಾನ್ ಇದೆ, ಮಡಕೆಯ ತಣ್ಣೀರಿದೆ. ಪ್ರಾಣಿಪಕ್ಷಿಗಳು ಏನು ಮಾಡುತ್ತವೆ?

ಮೊದಲ ಉಪಾಯ, ಹೊತ್ತನ್ನು ಬದಲಿಸಿಕೊಳ್ಳುವುದು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಘೋಷಿಸಲಾದ ಅಭಯಾರಣ್ಯದ ಕೃಷ್ಣಮೃಗಗಳು ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಮೇಯ್ದು ನಡುಹಗಲಿನಲ್ಲಿ ನೆರಳು ಸೇರುತ್ತವೆ. ಹಂಪಿಯ ಸಮೀಪದಲ್ಲಿ 1994ರಲ್ಲಿ ಸ್ಥಾಪನೆಯಾದ ದರೋಜಿ ಕರಡಿಧಾಮದಲ್ಲಿ ಕರಡಿಗಳು ಹಗಲನ್ನು ಬಂಡೆಗಳ ಗುಹೆಯಲ್ಲಿ ಕಳೆದು, ಬಿಸಿಲು ಇಳಿದ ಮೇಲೆ ಗೆದ್ದಲು, ಹಣ್ಣು ಹುಡುಕಿಕೊಂಡು ಹೊರಡುತ್ತವೆ.

ಎರಡನೆಯದು, ನೆಲದೊಳಗೆ ಇಳಿಯುವುದು. ಬಿಲ ತೋಡುವ ಕಪ್ಪೆ ಹಿಂಗಾಲುಗಳಿಂದ ಮಣ್ಣು ಕೆದರುತ್ತಾ ಹಿಮ್ಮುಖವಾಗಿ ಕೆಳಗಿಳಿಯುತ್ತದೆ. ತಿಂಗಳುಗಟ್ಟಲೆ ಅಲ್ಲೇ ನಿಶ್ಚಲವಾಗಿದ್ದು ಮಳೆ ಬಿದ್ದಾಗ ಹೊರಬರುತ್ತದೆ. ಇದೇ ಗ್ರೀಷ್ಮನಿದ್ರೆ.

ಆದರೆ ಬಯಲಿನಲ್ಲಿ ಮೊಟ್ಟೆಯಿಟ್ಟ ಹಕ್ಕಿ ಎಲ್ಲಿಗೂ ಹೋಗುವಂತಿಲ್ಲ. ಟಿಟ್ಟಿಭವನ್ನು ನೋಡಿ. ಉರ್ದುವಿನಲ್ಲಿ ಇದೇ ಟಿಟಹರಿ. ಇದು ಬೆಣಚುಕಲ್ಲುಗಳ ನಡುವೆ ಸಾಮಾನ್ಯವಾಗಿ 4 ಮೊಟ್ಟೆ ಇಡುತ್ತದೆ. ಉರಿಬಿಸಿಲಿನಲ್ಲಿ ಅದು ಮೊಟ್ಟೆಗಳಿಗೆ ಕಾವು ಕೊಡುವುದಲ್ಲ, ನೆರಳು ಕೊಡುತ್ತದೆ! ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ತಂದೆ ತಾಯಿ ಇಬ್ಬರೂ ಸರದಿಯಂತೆ ಈ ಕೆಲಸ ಮಾಡುತ್ತಾರೆ.

ಕೆಲವು ವರ್ಷಗಳ ಹಿಂದೆ, ಮಾರ್ಚ್ ಕೊನೆಯಲ್ಲಿ, ನಾನಿದ್ದ ಶಾಲೆಯ ಮೈದಾನದ ಅಂಚಿನಲ್ಲಿ ಇಂಥ ಗೂಡು ಸಿಕ್ಕಿತು. ಯಾರೂ ತುಳಿಯದಿರಲೆಂದು ಸುತ್ತ ಕಲ್ಲು ಇಟ್ಟೆ. ಊಟದ ವಿರಾಮದಲ್ಲಿ ಮಕ್ಕಳನ್ನು ತಂಡ ತಂಡವಾಗಿ ಕರೆದೊಯ್ದು ತೋರಿಸಿದೆ. ನಾವು ನಿಂತಷ್ಟು ಹೊತ್ತೂ ಹಕ್ಕಿಗಳು ದೂರದಲ್ಲಿ ಕೂಗುತ್ತಲೇ ಇದ್ದವು. ಆ ಮೊಟ್ಟೆಗಳು ಮರಿಯಾಗಲಿಲ್ಲ. ಬೇರೆ ಕಾರಣವೂ ಇದ್ದಿರಬಹುದು. ಆದರೆ ನಡುಮಧ್ಯಾಹ್ನ ಅವುಗಳ ನೆರಳನ್ನು ಕಸಿದವನು ನಾನೇ. ಪಾಠ ಕಲಿಸಲು ಹೋದವನು ಪಾಠ ಕಲಿತೆ.

ವಿದ್ಯಾರ್ಥಿಗಳೇ, ಈ ಜೀವಿಗಳಿಗೆ ಬದುಕುವ ಉಪಾಯ ಗೊತ್ತಿದೆ. ಅದಕ್ಕೆ ಬೇಕಾದ ನೆರಳು, ಮಣ್ಣು, ಕೆರೆಯ ನೀರು ಮಾತ್ರ ನಮ್ಮ ಕೈಯಲ್ಲಿದೆ. ಗೂಡು ಕಂಡರೆ ದೂರ ಸರಿಯಿರಿ. ಬದುವಿನ ಹುಲ್ಲಿಗೆ ಬೆಂಕಿ ಇಡಬೇಡಿ. ನೆರಳಿನಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನವೂ ಬದಲಿಸಿ.